ಹಕ್ಕಿಯ ಪಕ್ಕ ನಿಂತ ಮನುಷ್ಯ

1555ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದ ಹಕ್ಕಿಗಳ ಪುಸ್ತಕವೊಂದರಲ್ಲಿ ಎರಡು ಅಸ್ಥಿಪಂಜರಗಳು ಎದುರುಬದುರಾಗಿವೆ. ಒಂದು ಮನುಷ್ಯನದು, ಇನ್ನೊಂದು ಹಕ್ಕಿಯದು. ಹಕ್ಕಿಯೂ ನೆಟ್ಟಗೆ ನಿಂತಿದೆ. ರೆಕ್ಕೆಗಳು ತೋಳುಗಳಂತೆ ಇಳಿಬಿದ್ದಿವೆ. ಸರಿಹೊಂದುವ ಮೂಳೆಗಳಿಗೆ ಎರಡರಲ್ಲೂ ಒಂದೇ ಅಕ್ಷರದ ಗುರುತು.

ಬರೆದವನು ಪಿಯೇರ್ ಬೆಲೋನ್. ಔಷಧಿ ತಯಾರಿಕೆಯಿಂದ ಶುರುಮಾಡಿದವನು, ಕಾರ್ಡಿನಲ್ ತೂರ್ನೋನ ಆಶ್ರಯದಲ್ಲಿ 1546ರಿಂದ 1549ರವರೆಗೆ ಗ್ರೀಸ್, ತುರ್ಕಿ, ಈಜಿಪ್ಟ್ ಸುತ್ತಿದ. ಡಾಲ್ಫಿನ್ ಕೊಯ್ದು ಗರ್ಭದ ಮರಿಯನ್ನು ಕಣ್ಣಾರೆ ಕಂಡ. ಆದರೂ ಅದನ್ನು ಮೀನುಗಳ ಸಾಲಿಗೇ ಸೇರಿಸಿದ.

ಮನುಷ್ಯ ದೇವರ ಪ್ರತಿರೂಪ, ಉಳಿದ ಜೀವಿಗಳು ಅವನ ಅಧೀನ ಎಂಬುದು ಅಂದಿನ ಕ್ರೈಸ್ತ ಯುರೋಪಿನ ನಂಬಿಕೆ. ಹಾಗಿದ್ದರೆ ಆ ಪ್ರತಿರೂಪ ಇರುವುದೆಲ್ಲಿ? ಬೆಲೋನನ ಚಿತ್ರದಲ್ಲಿ ಮನುಷ್ಯನ ತೋಳಿನಲ್ಲಿ ಒಂದು ಮೂಳೆ, ಮುಂಗೈಯಲ್ಲಿ ಎರಡು. ರೆಕ್ಕೆಯಲ್ಲೂ ಅದೇ ಲೆಕ್ಕ. ಮೂಳೆಯಲ್ಲಂತೂ ಆ ಪ್ರತಿರೂಪ ಕಾಣದು.

ಬೆಲೋನ್ ವಂಶಸಂಬಂಧದ ಮಾತೆತ್ತಲಿಲ್ಲ. ಅದನ್ನು ಸಾರಿದ ಡಾರ್ವಿನ್ನನ ಗ್ರಂಥಕ್ಕೆ ಇನ್ನೂ 304 ವರ್ಷವಿತ್ತು. ಹೋಲಿಕೆಯನ್ನು ಒಬ್ಬನೇ ಕರ್ತನ ಕೈಬರಹವೆಂದು ಓದಬಹುದು, ರಕ್ತಸಂಬಂಧವೆಂದೂ ಓದಬಹುದು. ಯಾವುದನ್ನು ಒಪ್ಪಿದರೂ ಹಕ್ಕಿ ನಮಗೆ ಹತ್ತಿರವಾಗುತ್ತದೆ. ಇದರಿಂದ ಮನುಷ್ಯನ ಘನತೆ ಕುಗ್ಗಿತೆಂದು ಕೊರಗುವವರ ಭಯ ನನಗೆ ಒಪ್ಪಿಗೆಯಿಲ್ಲ. ನೆಂಟರು ಹೆಚ್ಚಾದರೆ ಮನೆ ಸಣ್ಣದಾಗುವುದಿಲ್ಲ.

1564ರಲ್ಲಿ, ಪ್ಯಾರಿಸ್‌ ಹೊರಗಿನ ಬುಲೋನ್ ಕಾಡಿನಲ್ಲಿ, ಯಾರೋ ಬೆಲೋನನನ್ನು ಕೊಂದರು. ಆಗಿನ್ನೂ ಐವತ್ತು ತುಂಬಿರಲಿಲ್ಲ.