ಹಗಲು ಕೊಟ್ಟ ಮಾತು

ನಮ್ಮಣ್ಣನಿಗೆ ಈಗ 76 ವರ್ಷ. ಬೊಕ್ಕಾಪುರಂ ಮಾರಿಯಮ್ಮನ ಹಬ್ಬದಲ್ಲಿ ಅವನು ಹಾಡೋಕೆ ನಿಂತರೆ ಮೈಕು ಬೇಕಾಗ್ತಿರಲಿಲ್ಲ. ಗೊರಕೆಯೂ ಹಾಗೇ. ಹೊಲದ ಕಾವಲಿಗೆ ಅವನು ಮಲಗಿದ್ರೆ ಹಂದಿ ಹತ್ರ ಸುಳಿಯಲ್ಲ ಅಂತ ನಾವು ನಗ್ತಿದ್ವಿ. ಆ ಗೊರಕೆ ನಡುವೆ ನಿಂತುಹೋಗ್ತಿತ್ತು ಅನ್ನೋದನ್ನ ಗಮನಿಸಿದವರು ಅತ್ತಿಗೆ ಒಬ್ಬರೇ. ಗೊರಕೆ ನಿಲ್ಲೋದು, ಮನೆಯೆಲ್ಲ ನಿಶ್ಶಬ್ದ, ಆಮೇಲೆ ಕೆರೆಯಲ್ಲಿ ಮುಳುಗಿ ಮೇಲೆದ್ದವನ ಹಾಗೆ ಏದುಸಿರು.

ಇದಕ್ಕೆ ಸ್ಲೀಪ್ ಆಪ್ನಿಯಾ ಅಂತಾರೆ. ನಿದ್ದೆಯಲ್ಲಿ ಗಂಟಲ ಹಿಂದಿನ ಮಾಂಸ ಸಡಿಲವಾಗಿ ಉಸಿರ ದಾರಿ ಮುಚ್ಚುತ್ತೆ. ಹತ್ತು ಸೆಕೆಂಡಾದರೂ ಉಸಿರು ನಿಂತರೆ ಅದು ಒಂದು ಲೆಕ್ಕ. ಗಂಟೆಗೆ ಇಂಥವು 30 ದಾಟಿದರೆ ಕಾಯಿಲೆ ಜೋರು ಅಂತ ಅರ್ಥ. ಮಲಗಿದವನಿಗೆ ಇದೇನೂ ಗೊತ್ತಾಗಲ್ಲ, ಬೆಳಗ್ಗೆ ತಲೆ ಭಾರ, ಹಗಲೆಲ್ಲ ತೂಕಡಿಕೆ. ಇದಕ್ಕೆ ಕೊಡೋದು ಸಿಪ್ಯಾಪ್ ಅನ್ನೋ ಮೆಷಿನ್. ಮೂಗಿಗೆ ಮಾಸ್ಕು ಕಟ್ಟಿ ಗಾಳಿ ಊದುತ್ತೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನೋ ಡಾಕ್ಟರು 1981ರಲ್ಲಿ ಇದನ್ನ ಲೋಕಕ್ಕೆ ತಿಳಿಸಿದರು. ಚಪ್ಪರ ಕುಸಿಯದ ಹಾಗೆ ಗೂಟ ಕೊಡ್ತೀವಲ್ಲ, ಆ ಗಾಳಿ ಗಂಟಲಿಗೆ ಹಾಗೆ.

ಅಣ್ಣನಿಗೆ ಮರೆವೂ ಶುರುವಾಗಿತ್ತು. ಅರವತ್ತಕ್ಕೆ ಅರಳು ಮರಳು ಅಂತ ನಾವು ತಳ್ಳಿಹಾಕ್ತೀವಿ. ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿಯವರ ನೆನಪಿನ ಶಕ್ತಿಯನ್ನ ವರ್ಷಗಟ್ಟಲೆ ಪರೀಕ್ಷೆ ಮಾಡ್ತಾ ಬಂದಿದ್ದಾರೆ. ಹತ್ತು ಸಾವಿರ ಜನರನ್ನ ನೋಡಬೇಕು ಅನ್ನೋದು ಅವರ ಗುರಿ. ತಳ್ಳಿಹಾಕೋ ವಿಷಯವಾಗಿದ್ರೆ ಅಷ್ಟು ಕಷ್ಟ ಯಾಕೆ ಪಡ್ತಿದ್ರು? ನಿದ್ದೆ ಕೆಟ್ಟರೆ ನೆನಪು ಕೆಡುತ್ತೆ. ನೆನಪು ಕೆಟ್ಟವನು ಮಾಸ್ಕು ಒಪ್ಪಲ್ಲ. ಮೆಷಿನ್ ಮರೆವನ್ನ ವಾಸಿ ಮಾಡಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದ್ರು, ಇರೋದು ಸ್ವಲ್ಪ ಹಗುರ ಆಗಬಹುದು ಅಷ್ಟೇ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಸಂಜೆ ನಾಲ್ಕಕ್ಕೆ ಕೇಳಿದ್ರೆ ಅಣ್ಣ, "ಹಾಕ್ಕೋತೀನಿ ಕಣೋ, ನಿಮ್ಮತ್ತಿಗೆ ನಿದ್ದೆ ಕೆಡಬಾರದು" ಅಂತಾನೆ. ರಾತ್ರಿ ಎರಡಕ್ಕೆ ಅದನ್ನೇ ಕಿತ್ತೆಸೀತಾನೆ. "ಯಾರೋ ನೀನು, ನನ್ನ ಉಸಿರು ಕಟ್ಟಿಸ್ತೀಯ?" ಅಂತಾನೆ. ಇಬ್ಬರೂ ನಮ್ಮಣ್ಣನೇ. ಯಾರ ಮಾತು ಕೇಳಬೇಕು?

ಒಂದು ರಾತ್ರಿ ನಾನು ನಾಲ್ಕು ಗಂಟೆಯವನ ಮಾತು ಹಿಡ್ಕೊಂಡು, ಎರಡು ಗಂಟೆಯವನ ಕೈಗೆ ಟವೆಲ್ ಸುತ್ತಿ ಕಟ್ಟಿಬಿಟ್ಟೆ. ಮಾತು ಕೊಟ್ಟಿದ್ದಾನಲ್ಲ ಅಂತ. ಅವನು ಕೂಗಲಿಲ್ಲ. ಅತ್ತ. ನಮ್ಮಪ್ಪ ಸತ್ತ ದಿನ ಬಿಟ್ಟರೆ ಅವನು ಅತ್ತಿದ್ದು ನಾನು ಕಂಡಿಲ್ಲ. ಡಾಕ್ಟರಿಗೆ ಹೇಳಿದಾಗ ಅವರು ಚೆನ್ನಾಗಿ ಬೈದರು. ಮಾಸ್ಕು ತಾನೇ ತೆಗೆಯೋಕೆ ಆಗದವನಿಗೆ ವಾಂತಿಯಾದ್ರೆ ಪ್ರಾಣಕ್ಕೇ ಅಪಾಯವಂತೆ. ಆದರೆ ನನಗೆ ಚುಚ್ಚಿದ್ದು ಬೈಗುಳ ಅಲ್ಲ, ಆ ಅಳು.

ನೆಂಟರು, "ವಯಸ್ಸಾದವರು, ಬಿಟ್ಟುಬಿಡಿ, ಯಾಕೆ ಗೋಳುಹೊಯ್ಕೋತೀರ" ಅಂತಾರೆ. ಕರುಣೆಯ ಮಾತೇ. ಹೇಳಿ ಅವರ ಮನೆಗೆ ಹೋಗಿ ಮಲಗ್ತಾರೆ ಅನ್ನೋದು ಬೇರೆ. ಯೋಚಿಸಿ ನೋಡಿದ್ರೆ ಅಣ್ಣ ಬೇಡ ಅಂದಿದ್ದು ಚಿಕಿತ್ಸೆಯನ್ನಲ್ಲ. ಕತ್ತಲಲ್ಲಿ ಎಚ್ಚರವಾದರೆ ಮುಖದ ಮೇಲೆ ಏನೋ ಕೂತಿದೆ, ಯಾಕೆ ಅಂತ ನೆನಪಿಲ್ಲ, ಎದುರಿಗೆ ಯಾರದೋ ಕೈ. ಯಾರಾದ್ರೂ ಕೀಳ್ತಾರೆ. ಬೇಡ ಅಂದದ್ದು ಏನನ್ನ ಅಂತ ತಿಳಿಯದೆ, ಅದನ್ನ ಅವನ ಇಷ್ಟ ಅಂತ ನಾನು ಹೇಗೆ ಒಪ್ಪಲಿ?

ಮರೆವಿನವರು ಯಾರೂ ಇದನ್ನ ಹಾಕ್ಕೊಳ್ಳಲ್ಲ ಅನ್ನೋದೂ ಸುಳ್ಳು. ಅಮೆರಿಕದಲ್ಲಿ ಆಲ್ಝೈಮರ್ ಇದ್ದ 30 ಜನರಿಗೆ ಕೊಟ್ಟು ನೋಡಿದ್ದಾರೆ. 2006ರಲ್ಲಿ ಅದು ಅಚ್ಚಾಗಿದೆ. ಸರಾಸರಿ ರಾತ್ರಿಗೆ ಐದು ಗಂಟೆ ಹತ್ತಿರ ಹಾಕ್ಕೊಂಡಿದ್ರಂತೆ. ಕಮ್ಮಿ ಹಾಕ್ಕೊಂಡವರು ಮನಸ್ಸು ಕುಗ್ಗಿದ್ದವರು. ನಮ್ಮೂರ ಮೇಷ್ಟ್ರು ಇದನ್ನ ಓದಿ ಹೇಳಿದಾಗ ನನಗೆ ಟವೆಲ್ ನೆನಪಾಯ್ತು.

ಆಮೇಲೆ ದಾರಿ ಬದಲಾಯಿಸಿದ್ವಿ. ಮಾಸ್ಕನ್ನ ಹಗಲು ಟೀ ಕುಡಿಯೋ ಹೊತ್ತಿಗೆ ಕೈಗೆ ಕೊಡ್ತೀವಿ, ಸುಮ್ಮನೆ ಹಿಡ್ಕೊಳ್ಳಲಿ ಅಂತ. ರಾತ್ರಿ ಎಲೆಅಡಿಕೆ, ಬಾಯಿ ಮುಕ್ಕಳಿಸೋದು, ಕಂಬಳಿ, ಮಾಸ್ಕು. ದಿನಾ ಇದೇ ಸಾಲು. ಕಾರಣ ಮರೆತರೂ ಕೈಗೆ ಅಭ್ಯಾಸ ಉಳಿಯುತ್ತೆ. ಹೆಂಡತಿ ಮಕ್ಕಳ ಹೆಸರು ತಪ್ಪುವ ನಮ್ಮಣ್ಣ ಮಾದೇಶ್ವರನ ಹಾಡಲ್ಲಿ ಸೊಲ್ಲು ತಪ್ಪಲ್ಲ. ಅದಕ್ಕೇ ಪಟ್ಟಿ ಬಿಗಿಯೋವಾಗ ನಾನು ಹಾಡ್ತೀನಿ. ಸೊಲ್ಲು ಕೊಡೋಕೆ ಅವನು ಬಾಯಿ ತೆರೆದರೆ ಗಾಳಿಯೆಲ್ಲ ಬುಸ್ ಅಂತ ಹೊರಗೆ ಬರುತ್ತೆ, ಇಬ್ಬರಿಗೂ ನಗು. ಈಗ ಬಾಯಿ ಮುಚ್ಚಿ ಹೂಂಗುಟ್ಟೋದು ಕಲಿತಿದ್ದಾನೆ.

ಕರೆಂಟಿನದು ಇನ್ನೊಂದು ಕತೆ. ಸಿಂಗಾರ ಪವರ್ ಹೌಸು 1930ರ ದಶಕದ್ದು, ನಮ್ಮ ಪಕ್ಕದಲ್ಲೇ. ಆದ್ರೂ ಗಾಳಿಗೆ ಕೊಂಬೆ ಬಿದ್ದರೆ ನಮಗೂ ಕತ್ತಲೆ. ಮೆಷಿನ್ ನಿಂತ ತಕ್ಷಣ ಮಾಸ್ಕು ತೆಗೀಬೇಕು, ಅದಕ್ಕೆ ಒಬ್ಬರು ಎಚ್ಚರ ಇರಲೇಬೇಕು. ಆ ಒಬ್ಬರು ಹೆಚ್ಚಾಗಿ ಅತ್ತಿಗೆ. ಅವರಿಗೂ 70 ದಾಟಿದೆ. ಒಬ್ಬರ ನಿದ್ದೆಗೆ ಇನ್ನೊಬ್ಬರ ನಿದ್ದೆ ಕೊಡೋದು ಎಲ್ಲಿವರೆಗೆ ಸರಿ ಅಂತ ನಾನು ಅವರನ್ನೇ ಕೇಳಿದೆ. "ಗೊರಕೆ ನಿಂತಾಗ ನಾನು ಮಲಗಿದ್ದೆ ಅಂದ್ಕೊಂಡಿದ್ದೀಯ?" ಅಂದರು. ಈಗ ವಾರಕ್ಕೆ ಮೂರು ರಾತ್ರಿ ನಾನು ಅಲ್ಲೇ ಮಲಗ್ತೀನಿ.

ಎರಡು ಸಲ ಹಾಡಿ ಹಾಕ್ತೀನಿ, ಎರಡು ಸಲ ಕಿತ್ತರೆ ಆ ರಾತ್ರಿಗೆ ಬಿಡ್ತೀನಿ, ಮಗ್ಗುಲಿಗೆ ತಿರುಗಿಸಿ ಮಲಗಿಸ್ತೀನಿ. ಎರಡು ಅನ್ನೋದು ನಾನೇ ಮಾಡ್ಕೊಂಡ ಲೆಕ್ಕ. ಹೋದ ವಾರ ಹಾಗೆ ಬಿಟ್ಟ ರಾತ್ರಿ, ಗೊರಕೆ ನಿಂತಾಗೆಲ್ಲ ಕತ್ತಲಲ್ಲಿ ಒಂದು, ಎರಡು, ಮೂರು ಅಂತ ಎಣಿಸ್ತಾ ಕೂತಿದ್ದೆ. ಪಕ್ಕದ ಕೋಣೆಯಿಂದ ಅತ್ತಿಗೆ, "ಬಂತಾ?" ಅಂದರು. "ಬಂತು" ಅಂದೆ.