ಅವನನ್ನೇ ಕೇಳೋಣ

ವಾಕ್ಯಭಾಗ: ಯೋಹಾನನ ಸುವಾರ್ತೆ, 9ನೇ ಅಧ್ಯಾಯ

 

ಹುಟ್ಟುಕುರುಡ, ಮಣ್ಣು, ಸಿಲೋವ ಕೊಳ. ಈ ಅಧ್ಯಾಯ ನಿಮಗೆಲ್ಲ ಗೊತ್ತು. ಇವತ್ತು ಅದ್ಭುತದ ಸುತ್ತಮುತ್ತ ನಡೆದ ಮಾತುಕತೆಯನ್ನ ಸ್ವಲ್ಪ ಗಮನಿಸೋಣ. ಶಿಷ್ಯರು ಅವನನ್ನು ನೋಡಿ, ಇದು ಯಾರ ಪಾಪದ ಫಲ ಅಂತ ಯೇಸುವನ್ನು ಕೇಳ್ತಾರೆ. ನೆರೆಹೊರೆಯವರು, ಇವನು ಅವನೇನಾ, ಅಲ್ವಾ ಅಂತ ತಮ್ಮತಮ್ಮಲ್ಲೇ ವಾದ ಮಾಡ್ತಾರೆ. ನಾನೇ ಅವನು ಅಂತ ಅವನು ಹೇಳ್ತಾನೇ ಇದ್ದಾನೆ. ಫರಿಸಾಯರು ಅವನ ಮಾತು ನಂಬದೆ ಅವನ ತಂದೆತಾಯಿಯನ್ನ ಕರೆಸ್ತಾರೆ. 21ನೇ ವಚನದಲ್ಲಿ ಆ ತಂದೆತಾಯಿ ಕೊಟ್ಟ ಉತ್ತರದ ಸಾರ ಏನು? ಮಗ ಪ್ರಾಯಕ್ಕೆ ಬಂದಿದ್ದಾನೆ, ಅವನ ವಿಷಯ ಅವನೇ ಹೇಳಲಿ. ಅವರು ಭಯದಿಂದ ಹಾಗೆ ಹೇಳಿದ್ರು ಅಂತ ಮುಂದಿನ ವಚನ ತಿಳಿಸುತ್ತೆ. ಆದ್ರೂ ಹೇಳಿದ ಮಾತು ಸತ್ಯ.

ಈಗ ನಮ್ಮ ಸಭೆಗೆ ಬರೋಣ. ಆಟಿಸಂ ಇರುವ ಮಕ್ಕಳನ್ನ ಸಂಡೇ ಸ್ಕೂಲಲ್ಲಿ ಎತ್ತಿ ಮುದ್ದಾಡ್ತೀವಿ. ಅದೇ ಮಗುವಿಗೆ 20 ವರ್ಷ ಆದಾಗ? ಮೀಸೆ ಬಂದಿರುತ್ತೆ, ಎತ್ತರ ಬೆಳೆದಿರ್ತಾನೆ, ಆರಾಧನೆ ಜೋರಾದಾಗ ಕಿವಿ ಮುಚ್ಕೊಂಡು ಹಿಂದೆ ನಿಂತಿರ್ತಾನೆ. ಆಗ ನಾವು ಅವನನ್ನು ದಾಟಿ ಅವನ ತಾಯಿ ಹತ್ರ ಹೋಗಿ, "ಆಂಟಿ, ಇವನು ಊಟ ಮಾಡಿದ್ನಾ?" ಅಂತ ಕೇಳ್ತೀವಿ. ಅವನು ಅಲ್ಲೇ ಇದ್ದಾನೆ! ಅವನ ಬಗ್ಗೆ ಎಲ್ಲರೂ ಮಾತಾಡ್ತೀವಿ, ಅವನ ಜೊತೆ ಯಾರೂ ಮಾತಾಡಲ್ಲ.

ಇದರ ಹಿಂದೆ ಒಂದು ಗಂಭೀರ ಪ್ರಶ್ನೆ ಇದೆ. ಒಬ್ಬ ವ್ಯಕ್ತಿಯನ್ನು ನಮ್ಮ ಹಾಗೆ ಕಾಣೋ ತನಕ ತಿದ್ದುವುದು ಪ್ರೀತಿನಾ? ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಅಲ್ಲಾಡಿಸಬೇಡ, ಎಲ್ಲರ ಹಾಗೆ ನಗು. ಇದನ್ನ ನಾವು ಸೋಷಿಯಲ್ ಸ್ಕಿಲ್ಸ್ ಅಂತೀವಿ. ಕಲಿಸುವುದು ತಪ್ಪಲ್ಲ. ಆದರೆ ಯಾರ ಅನುಕೂಲಕ್ಕೆ ಕಲಿಸ್ತಾ ಇದ್ದೀವಿ?

ಒಂದು ಉದಾಹರಣೆ ತಗೊಳ್ಳಿ. ಸರ್ವಿಸ್ ಮುಗಿದ ಮೇಲೆ ನಾವು "ಒಂದಿನ ಮನೆಗೆ ಬಾ ಬ್ರದರ್" ಅಂತೀವಿ. ಬರಲಿ ಅನ್ನೋ ಉದ್ದೇಶ ಎಷ್ಟು ಜನಕ್ಕೆ ಇರುತ್ತೆ? ಆಟಿಸಂ ಇರುವ ಹುಡುಗ ಅದನ್ನ ನಂಬಿ, ಶನಿವಾರ ಬೆಳಗ್ಗೆ ಬಸ್ ಹತ್ತಿ ಬಂದು ಬಾಗಿಲು ತಟ್ಟಿದ ಅಂದ್ಕೊಳ್ಳಿ. ಅವನಿಗೆ ಸೂಕ್ಷ್ಮ ಗೊತ್ತಾಗಲ್ಲ ಅಂತ ನಾವು ಹೇಳ್ತೀವಿ. ಮತ್ತಾಯ 5:37 ಓದಿ. ಹೌದು ಅಂದರೆ ಹೌದಾಗಿರಬೇಕು ಅಂತ ಕರ್ತನು ಕಲಿಸಿದ್ದಾನೆ. ಆ ವಾಕ್ಯದ ಮುಂದೆ ಪಾಠ ಕಲಿಯಬೇಕಾದವರು ಯಾರು, ಬಂದವನಾ, ಕರೆದವನಾ?

ಇದನ್ನ ಸಂಶೋಧಕರೂ ಗಮನಿಸಿದ್ದಾರೆ. ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ. ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಅಂತ 2012ರಲ್ಲೇ ಬರೆದರು. ಅವರಿಗೆ ನಾವು ಅರ್ಥ ಆಗಲ್ಲ, ನಮಗೂ ಅವರು ಅರ್ಥ ಆಗಲ್ಲ. 2020ರಲ್ಲಿ ಎಡಿನ್‌ಬರೋದ ಸಂಶೋಧಕರು ಒಂದು ಕಥೆಯನ್ನ ಎಂಟೆಂಟು ಜನರ ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೇಳಿಸಿ ನೋಡಿದ್ರು. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕಥೆ, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕೊನೆ ಮುಟ್ಟಿತು. ಹೆಚ್ಚು ಕಳೆದುಹೋಗಿದ್ದು ಇಬ್ಬರೂ ಬೆರೆತ ಸಾಲಿನಲ್ಲಿ. ಅಂದ್ರೆ ಸೇತುವೆಗೆ ಎರಡೂ ದಡ ಬೇಕು.

ಹಾಗಾದ್ರೆ ಏನನ್ನೂ ಕಲಿಸಬಾರದಾ? ಕಲಿಸಬೇಕು. ದುಡ್ಡು ಲೆಕ್ಕ ಹಾಕೋದು, ಒಬ್ಬನೇ ಬಸ್ಸಲ್ಲಿ ಹೋಗೋದು, ಸಹಾಯ ಕೇಳೋದು, ಮೋಸ ಮಾಡುವವರನ್ನ ಗುರುತಿಸೋದು, ಎಲ್ಲಕ್ಕಿಂತ ಮೊದಲು "ಬೇಡ" ಅನ್ನೋದು. ಚಿಕ್ಕಂದಿನಿಂದ ಬರೀ ಹೇಳಿದ ಹಾಗೆ ಕೇಳೋದನ್ನೇ ಕಲಿತವರು, ದುರುದ್ದೇಶದಿಂದ ಬಂದವರಿಗೂ ಬೇಡ ಅನ್ನೋಕೆ ಆಗದೆ ಸಿಕ್ಕಿಹಾಕ್ಕೊಳ್ತಾರೆ. ಅವನ ಬದುಕನ್ನ ಅವನ ಕೈಗೆ ಕೊಡುವ ಪಾಠ ಪ್ರೀತಿ. ನಮ್ಮ ಮುಜುಗರ ತಪ್ಪಿಸೋಕೆ ಅವನಿಗೆ ಮುಖವಾಡ ಹಾಕಿಸೋದು ಪ್ರೀತಿ ಅಲ್ಲ.

ಪ್ರೀತಿ ಹೇಗಿರುತ್ತೆ ಅನ್ನೋಕೆ ಅಮೆರಿಕದ ಒಂದು ಜೀವನವನ್ನ ನೋಡಿ. 1943ರಲ್ಲಿ ಡಾಕ್ಟರ್ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ 11 ಮಕ್ಕಳಿದ್ದರು. ಮೊದಲನೆಯವನು ಮಿಸಿಸಿಪ್ಪಿಯ ಫಾರೆಸ್ಟ್ ಅನ್ನೋ ಪುಟ್ಟ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಮೂರು ವರ್ಷದವನಿದ್ದಾಗ ಅವನನ್ನ ಮನೆಯಿಂದ ದೂರ ಒಂದು ಸಂಸ್ಥೆಯಲ್ಲಿ ಬಿಟ್ಟಿದ್ದರು. ಸುಮಾರು ಒಂದು ವರ್ಷದ ಮೇಲೆ ತಂದೆತಾಯಿ ಹೋಗಿ ವಾಪಸ್ ಕರ್ಕೊಂಡು ಬಂದ್ರು. ಆಮೇಲೆ ಅವನು ಕೆಲವು ವರ್ಷ ಒಂದು ರೈತ ದಂಪತಿಯ ಮನೇಲಿ ಬೆಳೆದ. ಎಲ್ಲವನ್ನೂ ಅಳೆಯೋ ಹುಚ್ಚು ಅವನಿಗೆ. ಅದನ್ನ ನಿಲ್ಲಿಸು ಅಂತ ಅವರು ಗದರಿಸಲಿಲ್ಲ. ಬಾವಿ ತೋಡಿ ಆಳ ಎಷ್ಟಾಯ್ತು ಹೇಳು ಅಂದ್ರು. ಮೆಕ್ಕೆಜೋಳದ ಸಾಲು ಎಣಿಸ್ತಾನೇ ಇದ್ದಾಗ, ಉಳುತ್ತಾ ಎಣಿಸು ಅಂದ್ರು. ಮುಂದೆ ಅವನು ಕಾಲೇಜು ಮುಗಿಸಿದ, ಬ್ಯಾಂಕಲ್ಲಿ ಕೆಲಸ ಮಾಡಿದ, 27ರಲ್ಲಿ ಕಾರ್ ಓಡಿಸೋದು ಕಲಿತ, ದೇಶವಿದೇಶ ಸುತ್ತಿದ. 2023ರಲ್ಲಿ, 89ನೇ ವಯಸ್ಸಲ್ಲಿ, ತನ್ನೂರಿನವರ ಗೆಳೆಯನಾಗಿ ತೀರಿಕೊಂಡ. ಅವರದು ಅನುಕೂಲಸ್ಥ ಮನೆತನ, ಬ್ಯಾಂಕ್ ಅವರ ಕುಟುಂಬದ್ದೇ, ಅದು ನಿಜ. ಆದರೆ ಅವನು ಇದ್ದ ಹಾಗೇ ಅವನಿಗೆ ಜಾಗ ಮಾಡಿಕೊಟ್ಟ ಒಂದು ಊರೂ ಇತ್ತು. ಅಂಥ ಊರು ಸಭೆ ಆಗಬಾರದಾ?

ಕೆಲವರು ಕೇಳಬಹುದು, "ಪಾಸ್ಟರ್, ಯೋಹಾನ 9ರಲ್ಲಿ ಯೇಸು ಅವನನ್ನ ಗುಣಪಡಿಸಿದ್ನಲ್ಲ?" ಹೌದು. ನಾವು ಅದ್ಭುತಗಳನ್ನ ನಂಬುವ ಸಭೆ, ನಂಬ್ತಾನೇ ಇರ್ತೀವಿ. ಆದರೆ ಆಟಿಸಂ ದೆವ್ವ ಅಲ್ಲ, ಶಾಪ ಅಲ್ಲ, ಹೆತ್ತವರ ಪಾಪವೂ ಅಲ್ಲ. ಅದು ಮೆದುಳು ಬೆಳೆದ ರೀತಿ. ಮಾರ್ಕ 10ರಲ್ಲಿ ಬಾರ್ತಿಮಾಯನನ್ನ ಜನ ಸುಮ್ಮನಿರು ಅಂತ ಗದರಿಸಿದ್ರು. ಯೇಸು ಅವನನ್ನ ಕರೆದು, ಕಣ್ಣೆದುರೇ ಕಾಣ್ತಿದ್ರೂ, ನಿನಗೇನು ಬೇಕು ಅಂತ ಕೇಳಿದನು. ದೇವರ ಮಗನೇ ಕೇಳಿದ ಮೇಲೆ ನಾವು ಕೇಳದೆ ತಲೆ ಮೇಲೆ ಕೈ ಇಟ್ಟು ಕೂಗೋದು ಯಾಕೆ? ಕೆಲವರಿಗೆ ಆ ಸ್ಪರ್ಶ, ಆ ಶಬ್ದವೇ ನೋವು. ಕೇಳಿ. ರಾತ್ರಿ ನಿದ್ರೆ ಬರಲಿ, ಕೆಲಸ ಸಿಗಲಿ, ಒಬ್ಬ ಫ್ರೆಂಡ್ ಸಿಗಲಿ ಅಂತ ಅವನು ಹೇಳಬಹುದು. ಅದಕ್ಕೇ ಪ್ರಾರ್ಥಿಸಿ. ಆ ಫ್ರೆಂಡ್ ಬಹುಶಃ ನೀವೇ.

ಮಾತೇ ಬರದವರು? ಜೀವನ ಪೂರ್ತಿ ಒಬ್ಬರ ನೆರವು ಬೇಕಾದವರು? ಇದು ಹಗುರವಾದ ಪ್ರಶ್ನೆ ಅಲ್ಲ. "ನಮ್ಮ ನಂತರ ಇವನಿಗೆ ಯಾರು?" ಅಂತ ರಾತ್ರಿ ಅಳುವ ತಾಯಂದಿರಿದ್ದಾರೆ. ಕಾನೂನು ಇಲ್ಲಿ ನಮಗೆ ಒಂದು ವಿಷಯ ಕಲಿಸುತ್ತೆ. 18 ತುಂಬಿದ ಮೇಲೆ ಹೆತ್ತವರು ತಾವಾಗೇ ಗಾರ್ಡಿಯನ್ ಆಗಿ ಮುಂದುವರಿಯಲ್ಲ. ಅಗತ್ಯ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಸ್ಥಳೀಯ ಮಟ್ಟದ ಸಮಿತಿ ಗಾರ್ಡಿಯನ್ ನೇಮಿಸುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ನಿನ ಸೀಮಿತ ಗಾರ್ಡಿಯನ್ ವ್ಯವಸ್ಥೆಯಲ್ಲಿ ನಿರ್ಧಾರ ಇಬ್ಬರೂ ಸೇರಿ ತಗೊಳ್ಳುವಂಥದ್ದು, ಆ ವ್ಯಕ್ತಿಯ ಇಚ್ಛೆಗೆ ತಕ್ಕ ಹಾಗೆ. ನೆರವು ಬೇಕು ಅಂದ ಮಾತ್ರಕ್ಕೆ ಇಚ್ಛೆ ಇಲ್ಲ ಅಂತಲ್ಲ. ಚಿತ್ರ ತೋರಿಸಿ, ಟೈಪ್ ಮಾಡಿ, ತಳ್ಳಿ, ಎದ್ದು ಹೋಗಿ, ಜನ ಉತ್ತರ ಕೊಡ್ತಾರೆ. ಕಾಯುವ ತಾಳ್ಮೆ ನಮಗಿರಬೇಕು.

ಯೌವನಸ್ಥರೇ, ಈ ವಾರ ಮೂರು ಕೆಲಸ ಮಾಡಿ. ಯೂತ್ ಮೀಟಿಂಗಲ್ಲಿ ಏನೇನು, ಎಷ್ಟು ಹೊತ್ತಿಗೆ ನಡೆಯುತ್ತೆ ಅಂತ ಹಿಂದಿನ ದಿನವೇ ವಾಟ್ಸಾಪಲ್ಲಿ ಹಾಕಿ. ಶಬ್ದ ಜಾಸ್ತಿ ಅನ್ನಿಸಿದವರು ಕೂರೋಕೆ ಒಂದು ಶಾಂತ ಕೋಣೆ ತೆರೆದಿಡಿ. ಕರೆದರೆ ದಿನ, ಸಮಯ ಹೇಳಿ ಕರೆಯಿರಿ, ಬಂದಾಗ ಬಾಗಿಲು ತೆಗೆಯಿರಿ. ಏನು ಬೇಕು ಅನ್ನೋದನ್ನ ಅವರನ್ನೇ ಕೇಳಿ.

ಆ ಹುಟ್ಟುಕುರುಡನಿಗೆ ಕೊನೆಗೆ ಏನಾಯ್ತು? ತನ್ನ ಸಾಕ್ಷಿ ತಾನೇ ಹೇಳಿದ್ದಕ್ಕೆ ಅವನನ್ನ ಹೊರಗೆ ಹಾಕಿದ್ರು. 35ನೇ ವಚನ ನೋಡಿ, ಅದು ಯೇಸುವಿನ ಕಿವಿಗೆ ಬಿತ್ತು. ಆತನು ಅವನನ್ನು ಕಂಡು ಮಾತಾಡಿದನು, ನಂಬಿಕೆಯ ಪ್ರಶ್ನೆಯನ್ನ ಅವನಿಗೇ ಕೇಳಿದನು. ನಮ್ಮ ಸಭೆ ಯಾರನ್ನಾದ್ರೂ ಹೊರಗೆ ನಿಲ್ಲಿಸಿದ್ರೆ, ಯೇಸು ಅವರ ಹತ್ರ ಹೋಗಿ ನಿಂತಿರ್ತಾನೆ. ನಾವೂ ಅಲ್ಲಿಗೇ ಹೋಗೋಣ. ಆಮೆನ್.