ಮುಗ್ಧತೆಯೂ ಅಜ್ಞಾನವೂ

ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುವ ಮಗನನ್ನಾಗಲಿ ಮಗಳನ್ನಾಗಲಿ ಸಾಕುತ್ತಿರುವ ಮನೆಯವರು, "ಅದಕ್ಕೇನೂ ತಿಳಿಯದು, ಹಸುಗೂಸಿನ ಹಾಗೆ" ಎಂದು ಹೇಳುವದುಂಟು. ಈ ಮಾತಿನಲ್ಲಿ ಪ್ರೀತಿಯುಂಟು. ಆದರೂ ಎರಡು ಬೇರೆಬೇರೆ ವಿಷಯಗಳು ಇದರಲ್ಲಿ ಬೆರೆತುಹೋಗಿವೆ ಎಂದು ನಮಗೆ ತೋರುತ್ತದೆ. ಕೆಟ್ಟದ್ದನ್ನು ಮಾಡಲೊಲ್ಲದ ಮನಸ್ಸು ಮುಗ್ಧತೆ. ತನಗೆ ಕೇಡು ನಡೆಯುವಾಗ ಅದು ಕೇಡೆಂದು ಗುರುತಿಸಲಾರದಿರುವದು ಅಜ್ಞಾನ. ಮೊದಲನೆಯದನ್ನು ಕಾಪಾಡುವೆವೆಂದು ಎರಡನೆಯದನ್ನು ಪೋಷಿಸುವದು ಸರಿಯೋ?

ಇಂಥವರ ಶರೀರಕ್ಕೆ ಕೈಹಾಕುವವನು ಬಹಳ ಸಾರಿ ದಾರಿಹೋಕನಲ್ಲ. ನೆಂಟನು, ನೆರೆಯವನು, ಪಾಠ ಹೇಳುವವನು, ಸ್ನಾನ ಮಾಡಿಸುವ ಆಳು, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡ್ರುವ ಗೌರವಸ್ಥನು ಸಹ ಆಗಿರಬಹುದು. ಅವನು ಬಲಾತ್ಕಾರದಿಂದಲೇ ಬರುವನೆಂದಿಲ್ಲ. ಬೆಲ್ಲವನ್ನೋ ಬಳೆಯನ್ನೋ ಕೊಟ್ಟು "ಯಾರಿಗೂ ಹೇಳಬೇಡ" ಅನ್ನುವನು. ನಾವಾದರೋ "ದೊಡ್ಡವರು ಹೇಳಿದ ಹಾಗೆ ಕೇಳು" ಎಂಬ ಒಂದೇ ಸದ್ಗುಣವನ್ನು ಆ ಮಕ್ಕಳಿಗೆ ಕಲಿಸಿದ್ದೇವೆ. ಹುಟ್ಟಿದಂದಿನಿಂದ ಪರರೇ ತೊಳೆದು ಪರರೇ ಉಡಿಸಿದ ಶರೀರವು ತನ್ನದೇ ಎಂದು ಅವರಿಗೆ ಹೇಳಿದವರಾರು?

ಶರೀರದ ಸಂಗತಿ ಹೇಳಿದರೆ ಮನಸ್ಸು ಕೆಡುವದೆಂದು ಕೆಲವರು ಅಂಜುತ್ತಾರೆ. ಬಾವಿಯನ್ನು ತೋರಿಸಿ ಎಚ್ಚರಿಸಿದ್ದರಿಂದ ಯಾವ ಮಗುವೂ ಬಾವಿಗೆ ಬೀಳಲಿಲ್ಲ. ಅಂಗಗಳಿಗೆ ಮನೆಮಾತಿನ ಹೆಸರುಗಳನ್ನು ಕಲಿಸಬೇಕು. ಯಾರು ಯಾವ ಕೆಲಸಕ್ಕಾಗಿ ಮುಟ್ಟಬಹುದೆಂದು ದಿನದಿನವೂ, ಅದೇ ಮಾತುಗಳಲ್ಲಿ, ಬೇಸರವಿಲ್ಲದೆ ಹೇಳಬೇಕು. ಆದಷ್ಟು ತಾನೇ ಮಿಂದು ತಾನೇ ಉಡುವಂತೆ ಅಭ್ಯಾಸಮಾಡಿಸಬೇಕು. ಮಾತು ಬಾರದವರಿಗೆ ಗೊಂಬೆಯೂ ಚಿತ್ರವೂ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರು "ಬೇಡ" ಅಂದದ್ದನ್ನು ಸಣ್ಣ ವಿಷಯದಲ್ಲಿಯೂ ಮನ್ನಿಸಬೇಕು. ಮದುವೆಮನೆಯಲ್ಲಿ ಮಾವನು ಅಪ್ಪಿಕೊಳ್ಳಲು ಬಂದಾಗ ಹಿಂಜರಿದ ಹುಡುಗಿಯನ್ನು ಗದರಿಸಿ ಮುಂದೆ ತಳ್ಳಿದರೆ, ಆಕೆಯ "ಬೇಡ"ಕ್ಕೆ ಬೆಲೆಯಿಲ್ಲವೆಂದು ನಾವೇ ಪಾಠ ಹೇಳಿದಂತಾಯಿತು. ಗಂಡುಮಕ್ಕಳಿಗೂ ಇದು ಬೇಕು. ಅವರಿಗೆ ಅಪಾಯವಿಲ್ಲವೆಂಬದು ಸುಳ್ಳು.

ಹಾಗಾದರೆ ಬಾಗಿಲು ಹಾಕಿ ಒಳಗಿಟ್ಟರೆ ಸಾಲದೋ? 2009ರಲ್ಲಿ ಚಂಡೀಗಢದಲ್ಲಿ ನಡೆದದ್ದನ್ನು ಕೇಳಿರಿ. ಅಲ್ಪ ಬುದ್ಧಿಮಾಂದ್ಯವುಳ್ಳ ಒಬ್ಬ ಅನಾಥ ಯುವತಿಯು ಸರಕಾರದ ಪಾಲನಾಲಯದೊಳಗೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದಳು. ಕಾಯುವದಕ್ಕೆಂದು ಕಟ್ಟಿದ ಗೋಡೆಯೇ ಆಕೆಯ ಕೂಗು ಹೊರಗೆ ಕೇಳದಂತೆ ಮಾಡಿತು. ಗರ್ಭವನ್ನು ತೆಗೆಯಬೇಕೆಂದು ಹೈಕೋರ್ಟು ಆಜ್ಞಾಪಿಸಿತು. ಆಕೆಯಾದರೋ ಮಗುವನ್ನು ಹೆರಬೇಕೆಂದಿದ್ದಳು; ಸುಪ್ರೀಂ ಕೋರ್ಟು ಆಕೆಯ ಇಷ್ಟವನ್ನೇ ಎತ್ತಿಹಿಡಿಯಿತು. ಇಂಥವರಿಗೆ ಇಷ್ಟವೆಂಬದುಂಟು, ಅದನ್ನು ಕೇಳತಕ್ಕದ್ದು ಎಂಬದು ಆ ತೀರ್ಪಿನ ತಿರುಳು. ಆದರೆ ಅಂಜಿಕೆಯಿಂದಲೋ ತಿಳಿಯದೆಯೋ ಸುಮ್ಮನಿದ್ದದ್ದು ಒಪ್ಪಿಗೆಯಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವದು ಕಷ್ಟ. ಆದರೂ ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲದು.

ಒಬ್ಬ ಮನುಷ್ಯನನ್ನು ಕಂಡಕೂಡಲೆ ನಡುಗುವದು, ಹಾಸಿಗೆಯಲ್ಲಿ ಮೂತ್ರಮಾಡುವದು, ಕಾರಣ ತಿಳಿಯದ ಗಾಯ, ಎಲ್ಲಿಂದಲೋ ಬಂದ ಹಣ, ಇವುಗಳನ್ನು ಕಂಡಾಗ ಮೆಲ್ಲಗೆ ವಿಚಾರಿಸಬೇಕು, ಹೇಳಿದರೆ ನಂಬಬೇಕು. "ಬುದ್ಧಿಯಿಲ್ಲದವಳ ಮಾತು" ಎಂದು ನಾವು ತಳ್ಳಿಬಿಡುವೆವೆಂದು ತಿಳಿದೇ ಆ ದುಷ್ಟನು ಆಕೆಯನ್ನು ಆರಿಸಿಕೊಂಡನು. ಸಭೆಯ ಹೆಸರು ಕೆಟ್ಟೀತೆಂದು ಹಿರಿಯರು ಕೂತು ರಾಜಿಮಾಡಿಸುವದು ಸಲ್ಲದು. ಹದಿನೆಂಟು ವರುಷ ತುಂಬದವರ ವಿಷಯದಲ್ಲಿ 2012ರ ಪೋಕ್ಸೋ ಕಾಯಿದೆಯ ಪ್ರಕಾರ, ತಿಳಿದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳ ವರೆಗೆ ಸೆರೆಯಾಗಬಹುದು. 1098 ಎಂಬ ಸಂಖ್ಯೆಗೆ ಫೋನು ಮಾಡಿಯೂ ಸಹಾಯ ಕೇಳಬಹುದು. ಈ ಕಾಯಿದೆಯಲ್ಲಿ ಲೆಕ್ಕಕ್ಕೆ ಬರುವದು ಶರೀರದ ವಯಸ್ಸೇ ಹೊರತು ಬುದ್ಧಿಯ ವಯಸ್ಸಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಪ್ರಾಯಕ್ಕೆ ಬಂದವರಿಗೆ ಬೇರೆ ಕಾನೂನುಂಟು: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಮೇರೆಗೆ, ಮಾನಸಿಕ ಇಲ್ಲವೆ ಶಾರೀರಿಕ ನ್ಯೂನತೆಯುಳ್ಳ ಸ್ತ್ರೀಯ ಮೇಲೆ ಅತ್ಯಾಚಾರ ಮಾಡಿದವನಿಗೆ 10 ವರುಷಕ್ಕೆ ಕಡಿಮೆಯಿಲ್ಲದ ಕಠಿಣ ಶಿಕ್ಷೆ.

ಠಾಣೆಯ ಮೆಟ್ಟಲು ಹತ್ತಲು ಅಂಜುವ ತಂದೆತಾಯಿಗಳು ಇನ್ನೊಂದನ್ನು ತಿಳಿದಿರಲಿ. ಇಂಥ ಮೊಕದ್ದಮೆಯಲ್ಲಿ ನೊಂದವಳ ದೂರನ್ನು ಅಧಿಕಾರಿಯೇ ಮನೆಗಾಗಲಿ ಆಕೆಗೆ ಅನುಕೂಲವಾದ ಸ್ಥಳಕ್ಕಾಗಲಿ ಬಂದು, ಆಕೆಯ ಮಾತನ್ನು ಬಲ್ಲ ದುಭಾಷಿಯನ್ನಾಗಲಿ ವಿಶೇಷ ಶಿಕ್ಷಕರನ್ನಾಗಲಿ ಪಕ್ಕದಲ್ಲಿ ಕೂಡ್ರಿಸಿಕೊಂಡು ಬರೆದುಕೊಳ್ಳತಕ್ಕದ್ದು. ಇದನ್ನು ನೀವೇ ಕೇಳಿ ಪಡೆದುಕೊಳ್ಳಿರಿ.